400 ಮೀಟರೋ, 800 ಮೀಟರೋ?

ಬಸ್ಸಿಗೆ ಬೇರೆಯೇ ದಾರಿ ಕೊಟ್ಟರೆ ಬೇಗ ಓಡುತ್ತದೆ. ಇದನ್ನು ಹೇಳೋಕೆ ವಿಜ್ಞಾನವೇನೂ ಬೇಡ. ಆದರೆ ಬಸ್ಸು ಹೊತ್ತು ಕಳೆಯುವುದು ಟ್ರಾಫಿಕ್ಕಿನಲ್ಲಿ ಮಾತ್ರವಲ್ಲ, ನಿಲ್ದಾಣದಲ್ಲೂ ಹೌದು. ಒಬ್ಬೊಬ್ಬರೇ ಮೆಟ್ಟಿಲು ಹತ್ತಬೇಕು, ಚಿಲ್ಲರೆ ಹುಡುಕಬೇಕು. ಬ್ರೆಜಿಲ್‌ನ ಕುರಿಚಿಬಾ ನಗರ 1974ರಲ್ಲಿ ಬಸ್ಸುಗಳಿಗೆಂದೇ ಪಥ ಬಿಟ್ಟುಕೊಟ್ಟಿತು. 1991ರಲ್ಲಿ ಕೊಳವೆಯಂಥ ನಿಲ್ದಾಣಗಳನ್ನೂ ಕಟ್ಟಿತು. ಅಲ್ಲಿ ಒಳಗೆ ಬರುವಾಗಲೇ ದುಡ್ಡು ಕೊಟ್ಟಾಗಿರುತ್ತದೆ. ನಿಲ್ದಾಣದ ನೆಲ, ಬಸ್ಸಿನ ನೆಲ ಎರಡೂ ಒಂದೇ ಎತ್ತರ. ಬಾಗಿಲುಗಳೆಲ್ಲ ಒಟ್ಟಿಗೆ ತೆರೆದರೆ ಜನ ಸೀದಾ ಒಳಗೆ ನಡೆಯುತ್ತಾರೆ. ಕೊಲಂಬಿಯಾದ ಬೊಗೋಟಾ ಇದೇ ಉಪಾಯವನ್ನು 2000ದ ಕೊನೆಯಲ್ಲಿ ಇನ್ನೂ ದೊಡ್ಡದಾಗಿ ಮಾಡಿ ತೋರಿಸಿತು.

ಇಷ್ಟು ಎಂಜಿನಿಯರುಗಳ ಕೆಲಸ. ನಿಲ್ದಾಣ ಎಷ್ಟು ದೂರಕ್ಕೊಂದು ಇರಬೇಕು ಅನ್ನುವಲ್ಲಿ ಮಾತ್ರ ಅವರೊಬ್ಬರೇ ತೀರ್ಮಾನ ಹೇಳಲಾಗದು.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಸಲ ನಿಂತು ಹೊರಡಲು 30 ಸೆಕೆಂಡು ಹೋಗುತ್ತದೆ ಅಂದುಕೊಳ್ಳಿ. 400 ಮೀಟರಿಗೊಂದು ನಿಲ್ದಾಣ ಇದ್ದರೆ 12 ಕಿಲೋಮೀಟರಿಗೆ 30 ನಿಲುಗಡೆ. 800 ಮೀಟರಿಗೊಂದು ಮಾಡಿದರೆ 15. ಪೂರ್ತಿ ದೂರ ಹೋಗುವವರಿಗೆ ಏಳೂವರೆ ನಿಮಿಷ ಉಳಿಯಿತು. ಆದರೆ ನಡಿಗೆ ಜಾಸ್ತಿಯಾಯಿತಲ್ಲ! ಬಸ್ ದಾರಿಯ ಉದ್ದಕ್ಕೆ ಸರಾಸರಿ 100 ಮೀಟರ್ ನಡೆಯುತ್ತಿದ್ದವರು ಈಗ 200 ಮೀಟರ್ ನಡೆಯಬೇಕು. ಹತ್ತುವಾಗ 100, ಇಳಿದ ಮೇಲೆ 100, ಒಟ್ಟು 200 ಮೀಟರ್ ಹೆಚ್ಚು. ನಿಮಿಷಕ್ಕೆ 80 ಮೀಟರ್ ನಡೆದರೂ ಎರಡೂವರೆ ನಿಮಿಷ ಹಿಡಿಯುತ್ತದೆ. 6 ಕಿಲೋಮೀಟರ್ ಹೋಗುವವರಿಗೆ ಬಸ್ಸಿನಲ್ಲಿ ಮೂರೂಮುಕ್ಕಾಲು ನಿಮಿಷ ಉಳಿಯುತ್ತದೆ, ಹಾಗಾಗಿ ಅವರಿಗೆ ಲಾಭವೇ. 2 ಕಿಲೋಮೀಟರ್ ಹೋಗುವವರಿಗೆ ಉಳಿಯುವುದು ಒಂದೂಕಾಲು ನಿಮಿಷ, ಕಳೆಯುವುದು ಎರಡೂವರೆ. ಮಂಡಿನೋವು ಇದ್ದವರ ಲೆಕ್ಕ ಇನ್ನೂ ಬೇರೆ.

ಯಾರ ನಿಮಿಷಕ್ಕೆ ಬೆಲೆ ಜಾಸ್ತಿ? ಗಣಿತ ಇದಕ್ಕೆ ಉತ್ತರ ಕೊಡುವುದಿಲ್ಲ. ಜನರನ್ನೇ ಕೇಳಬೇಕು. 'ನಿಮಗೆ ಬಸ್ಸು ಬೇಕಾ?' ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದರಿಂದ ಏನೂ ತಿಳಿಯದು. 'ಐದು ನಿಮಿಷ ಬೇಗ ತಲುಪಲು ಎಷ್ಟು ದೂರ ನಡೆಯಲು ಸಿದ್ಧ?' ಅಂತ ನಕ್ಷೆ ಮುಂದಿಟ್ಟು ಕೇಳಿದರೆ ಮಾತು ಶುರುವಾಗುತ್ತದೆ.

ಕೇಳುವ ಜಾಗವೂ ಮುಖ್ಯ. ಬಸ್ಸಿನೊಳಗೆ ಸಮೀಕ್ಷೆ ಮಾಡಿದರೆ ಬಸ್ಸು ಹತ್ತಿದವರ ಮಾತು ಸಿಗುತ್ತದೆ, ಹತ್ತಲಾಗದೆ ಬಿಟ್ಟವರದ್ದು ಸಿಗುವುದಿಲ್ಲ. ಸಂಜೆ ಸಭಾಂಗಣದಲ್ಲಿ ಸಭೆ ಕರೆದರೆ ಬಿಡುವಿದ್ದವರು ಬರುತ್ತಾರೆ. ರಾತ್ರಿ ಪಾಳಿಯವರು, ಮಕ್ಕಳನ್ನು ಬಿಟ್ಟು ಬರಲಾಗದವರು ಬರುವುದಿಲ್ಲ. ಬಂದವರಲ್ಲೂ ಗಟ್ಟಿ ಗಂಟಲಿನವರದ್ದೇ ಮಾತು. ನನ್ನ ಕೇಳಿದರೆ, ಆಸ್ಪತ್ರೆ ಗೇಟಿನಲ್ಲಿ, ಮಾರುಕಟ್ಟೆಯಲ್ಲಿ, ಬೆಳಗಿನ ಜಾವದ ನಿಲ್ದಾಣದಲ್ಲಿ ನಿಂತು ಕೇಳುವುದು ಇದಕ್ಕಿಂತ ಮೇಲು.

ಅಲ್ಲಿ ಕೇಳಿದರೆ ನಕ್ಷೆಯಲ್ಲಿ ಕಾಣದ ವಿಷಯಗಳೂ ಹೊರಬರುತ್ತವೆ. ಬಸ್ಸುಗಳಿಗೆಂದೇ ಬಿಟ್ಟ ಪಥದ ನಿಲ್ದಾಣಗಳು ಸಾಮಾನ್ಯವಾಗಿ ರಸ್ತೆಯ ನಡುವೆ ಇರುತ್ತವೆ. ತಲುಪಲು ರಸ್ತೆ ದಾಟಬೇಕು, ಅಲ್ವಾ? ಪಾದಚಾರಿ ಸಿಗ್ನಲ್ಲಿನ ಲೆಕ್ಕಕ್ಕೆ ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿಯುವುದು ರೂಢಿ. ಆ ಪ್ರಕಾರ 14 ಮೀಟರ್ ದಾಟಲು 12 ಸೆಕೆಂಡು ಸಾಕು. ಕೋಲೂರಿಕೊಂಡು ಸೆಕೆಂಡಿಗೆ 0.7 ಮೀಟರ್ ನಡೆಯುವವರಿಗೆ 20 ಸೆಕೆಂಡು ಬೇಕು. ದೀಪ ಕೆಂಪಾದ ಮೇಲೂ 8 ಸೆಕೆಂಡು ಅವರಿನ್ನೂ ರಸ್ತೆಯಲ್ಲೇ ಇರುತ್ತಾರೆ.