ಶಾಸನದೊಳಗಿನ ಹೆಸರನ್ನು ಓದುವ ಬಗೆ: ಮಡಕಶಿರಾ ಸೀಮೆಯ ಸಹಪಾಠಿಗಳಿಗೊಂದು ಟಿಪ್ಪಣಿ

ವ್ಯಕ್ತಿನಾಮಗಳ ಅಧ್ಯಯನವು ಹೆಸರುಗಳನ್ನು ಅಭ್ಯಾಸ ಮಾಡುವ ನಾಮವಿಜ್ಞಾನದ ಒಂದು ಶಾಖೆ. ಸ್ಥಳನಾಮಗಳಿಗೆ ಸಿಕ್ಕಷ್ಟು ಗಮನ ಕನ್ನಡದಲ್ಲಿ ಇದಕ್ಕೆ ಸಿಕ್ಕಿಲ್ಲವೆಂದೇ ನನ್ನ ಅನಿಸಿಕೆ. ಆಂಧ್ರ ಕರ್ನಾಟಕಗಳ ಗಡಿಯಲ್ಲಿರುವ ಮಡಕಶಿರಾ, ರೊಳ್ಳ, ಅಮರಾಪುರದ ಕಡೆಯ ನಮಗೆ ಇದು ದೂರದ ವಿಷಯವೂ ಅಲ್ಲ. ಶಾಸನದಲ್ಲಿ ಒಂದು ಹೆಸರು ಕಂಡ ಕೂಡಲೇ ಇವನು ಕನ್ನಡಿಗ, ಇವನು ತೆಲುಗಿನವನು ಎಂದು ತೀರ್ಪು ಕೊಟ್ಟುಬಿಡುವ ಚಾಳಿ ಗಡಿಯ ಎರಡೂ ಮಗ್ಗುಲಲ್ಲಿದೆ. ಹೆಸರಿನ ಭಾಷೆ ಬೇರೆ, ಹೆಸರು ಹೊತ್ತವನ ಮನೆಮಾತು ಬೇರೆ. ಈ ಭೇದವನ್ನು ಮೊದಲು ಗಟ್ಟಿ ಮಾಡಿಕೊಳ್ಳದೆ ಈ ಅಧ್ಯಯನದಲ್ಲಿ ಮುಂದೆ ಹೋಗಲಾಗದು.

ಉದಾಹರಣೆ ನಮ್ಮ ಹೇಮಾವತಿಯಲ್ಲೇ ಇದೆ. ಇದು ಹಳೆಯ ಹೆಂಜೇರು, ನೊಳಂಬವಾಡಿ 32,000 ನಾಡನ್ನು ಆಳಿದ ನೊಳಂಬರ ರಾಜಧಾನಿ. ಇಲ್ಲಿಯ ಕಂಬದ ಶಾಸನವು ಆ ಮನೆತನದ ವಂಶಾವಳಿಯನ್ನು ಕೊಡುತ್ತದೆ: ತ್ರಿನಯನ ಪಲ್ಲವನ ಪೀಳಿಗೆಯಲ್ಲಿ ಮಂಗಳ, ಆಮೇಲೆ ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವ, ಅವನ ಮಕ್ಕಳಾದ ಅಣ್ಣಿಗ ಮತ್ತು ದಿಲೀಪ. ಈ ಸಾಲನ್ನು ನಿಧಾನವಾಗಿ ಓದಿ. ಸಿಂಹಪೋತ ಎಂದರೆ ಸಿಂಹದ ಮರಿ, ಅಚ್ಚ ಸಂಸ್ಕೃತ. ಚಾರುಪೊನ್ನೇರನಲ್ಲಿ ಸಂಸ್ಕೃತದ ಚಾರುವೂ (ಸುಂದರ) ಕನ್ನಡದ ಪೊನ್ನೂ (ಹೊನ್ನು) ಒಟ್ಟಿಗೆ ಕೇಳಿಸುತ್ತವೆ. ಪೊಳಲ್ಚೋರನಲ್ಲಿ ಪೊಳಲು, ಅಂದರೆ ಪಟ್ಟಣ, ಕನ್ನಡದ್ದು. ಮಹೇಂದ್ರ ಎಂಬುದು ಕಂಚಿಯ ಪಲ್ಲವರಲ್ಲಿ ಪ್ರಸಿದ್ಧವಾಗಿದ್ದ ಹೆಸರು. ತಾವು ಪಲ್ಲವರ ಕುಲದವರೆಂದು ಹೇಳಿಕೊಳ್ಳುತ್ತಿದ್ದ ನೊಳಂಬರಿಗೆ ಅದು ಒಪ್ಪುವಂಥದ್ದೇ. ಅಯ್ಯಪ, ಅಣ್ಣಿಗ ಎಂಬುವು ಊರಮನೆಯ ಕನ್ನಡ ಹೆಸರುಗಳು. ಅಣ್ಣಿಗನ ಒಡಹುಟ್ಟಿದವನಿಗೆ ಮಾತ್ರ ರಘುವಂಶದ ದಿಲೀಪನ ಹೆಸರು. ಒಂದೇ ಮನೆಯಲ್ಲಿ, ಒಂದೇ ತಂದೆಯ ಮಕ್ಕಳಲ್ಲಿ ಹೀಗೆ ಭಾಷೆ ಬದಲಾಗುತ್ತಿರುವಾಗ, ಬಿಡಿಯಾಗಿ ಸಿಕ್ಕ ಒಂದು ಹೆಸರಿನಿಂದ ಮನೆಮಾತನ್ನು ನಿರ್ಣಯಿಸುವುದು ದುಡುಕಾಗುತ್ತದೆ.

ಇದಕ್ಕೆ ಸರಿಜೋಡಿಯಾದ ಸಾಕ್ಷ್ಯ ಈಜಿಪ್ಟಿನಲ್ಲಿದೆ. ಕ್ರಿ.ಪೂ. 2ನೇ ಶತಮಾನದ ಕೊನೆಯ ಭಾಗದಲ್ಲಿ, ಗ್ರೀಕ್ ಮೂಲದ ಟಾಲೆಮಿ ಅರಸರ ಆಳ್ವಿಕೆಯಲ್ಲಿ, ಫಯೂಮ್ ಪ್ರದೇಶದ ಕೆರ್ಕೆಓಸಿರಿಸ್ ಎಂಬ ಹಳ್ಳಿಗೆ ಮೆಂಖೆಸ್ ಎಂಬುವನು ಲೆಕ್ಕಿಗನಾಗಿದ್ದ. ಹೊಲ, ಬೆಳೆ, ಕಂದಾಯದ ಲೆಕ್ಕವೆಲ್ಲ ಅವನದೇ; ನಮ್ಮ ಕಡೆಯ ಕರಣಂ ಇದ್ದ ಹಾಗೆ. ಅವನ ಕಡತಗಳ ಪಪೈರಸ್ ಹಾಳೆಗಳನ್ನು ಮುಂದೆ ಯಾರೋ ರದ್ದಿಗೆ ಹಾಕಿ, ಅದೇ ಪ್ರದೇಶದ ತೆಬ್ತುನಿಸ್‌ನಲ್ಲಿ ಮೊಸಳೆಗಳ ಮಮ್ಮಿಗೆ ತುಂಬಿದರು. ಅಗೆದವರಿಗೆ 1899–1900ರ ಚಳಿಗಾಲದಲ್ಲಿ ಸಿಕ್ಕಿದ್ದು ಹಾಗೆ. ಅದರಲ್ಲಿ ಇದೇ ಮೆಂಖೆಸ್‌ಗೆ ಅಸ್ಕ್ಲೆಪಿಯಾಡೆಸ್ ಎಂಬ ಗ್ರೀಕ್ ಹೆಸರೂ ಇದೆ. ಅವನ ತಂದೆಗೂ ಎರಡು ಹೆಸರು: ಗ್ರೀಕಿನಲ್ಲಿ ಅಮ್ಮೋನಿಯೋಸ್, ಈಜಿಪ್ಟಿನ ಮಾತಿನಲ್ಲಿ ಪೆತೆಸೂಖೋಸ್, ಅಂದರೆ ಮೊಸಳೆಯ ದೇವರಾದ ಸೂಖೋಸ್ ಕೊಟ್ಟವನು. ಕಡತದಲ್ಲಿ ಗ್ರೀಕ್ ಹೆಸರೊಂದನ್ನೇ ನೋಡಿದವರು ಅಪ್ಪ ಮಗ ಇಬ್ಬರನ್ನೂ ಗ್ರೀಕರೆಂದು ಎಣಿಸುವುದು ಸಹಜ. ಮನೆಯಲ್ಲಿ ಈರಣ್ಣ, ಶಾಲೆಯ ದಾಖಲೆಯಲ್ಲಿ ಮುಂದೊಂದು ಇಂಟಿಪೇರು (ತೆಲುಗಿನಲ್ಲಿ ಮನೆತನದ ಹೆಸರು) ಸೇರಿದ ವೀರಣ್ಣ ಎಂಬ ಏರ್ಪಾಡನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ತೊಡಕು ಬಿರುದಿನದು. ಅಶೋಕನ ಶಾಸನಗಳಲ್ಲಿ ಬಹುಪಾಲು ‘ದೇವಾನಾಂಪಿಯ ಪಿಯದಸಿ’ (ದೇವರಿಗೆ ಪ್ರಿಯನಾದ ಪ್ರಿಯದರ್ಶಿ) ಎಂದಷ್ಟೇ ಇರುತ್ತದೆ, ಮತ್ತು 1915ರಲ್ಲಿ ಮಸ್ಕಿಯ ಶಾಸನ ಸಿಕ್ಕ ಮೇಲೆಯೇ ಅಶೋಕ ಎಂಬ ಹೆಸರು ಅವನದೇ ಶಾಸನದಲ್ಲಿ ಕಂಡಿತು. ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲೂ ಆ ಹೆಸರಿದೆ. ರಾಷ್ಟ್ರಕೂಟರಲ್ಲಿ ಅಮೋಘವರ್ಷ, ನೃಪತುಂಗ ಎಂಬ ಎರಡೂ ಬಿರುದುಗಳೇ. ಪಠ್ಯಪುಸ್ತಕದ ಕೃಷ್ಣ ಕನ್ನಡ ಶಾಸನದಲ್ಲಿ ಕನ್ನರ, ಧ್ರುವನು ಧೋರ, 4ನೇ ಗೋವಿಂದನು ಗೊಜ್ಜಿಗ. ಪರೀಕ್ಷೆಯಲ್ಲಿ ಇವರನ್ನು ಬೇರೆ ಬೇರೆ ಅರಸರೆಂದು ಬರೆಯುವವರು ಪ್ರತಿವರ್ಷ ಇದ್ದೇ ಇರುತ್ತಾರೆ.

ರೋಮಿನ ಪದ್ಧತಿ ಇದಕ್ಕಿಂತ ಕಟ್ಟುನಿಟ್ಟು. ಮಾರ್ಕಸ್ ಟುಲ್ಲಿಯಸ್ ಸಿಸೆರೊ ಎಂಬಲ್ಲಿ ಮೊದಲನೆಯದು ಸ್ವಂತ ಹೆಸರು, ಎರಡನೆಯದು ಕುಲದ್ದು, ಮೂರನೆಯದು ಆ ಕುಲದೊಳಗಿನ ಕವಲಿನದು. ಮಗಳಿಗೆ ಕುಲನಾಮದ ಸ್ತ್ರೀರೂಪವೇ ಹೆಸರಾದ್ದರಿಂದ ಅವಳು ಬರಿಯ ಟುಲ್ಲಿಯಾ. ಕ್ರಿ.ಶ. 212ರಲ್ಲಿ ಕರಕಲ್ಲ ಚಕ್ರವರ್ತಿಯು ಸಾಮ್ರಾಜ್ಯದ ಸ್ವತಂತ್ರ ಪ್ರಜೆಗಳಿಗೆಲ್ಲ ಪೌರತ್ವ ಕೊಟ್ಟಾಗ ಅಸಂಖ್ಯ ಜನ ಅವನ ಕುಲನಾಮವಾದ ಔರೇಲಿಯಸ್ ಅನ್ನು ಹೊತ್ತರು. ಅಲ್ಲಿಂದ ಮುಂದೆ ಆ ಹೆಸರು ಕುಲವನ್ನು ಸೂಚಿಸುವುದನ್ನೇ ಬಿಟ್ಟಿತು.

ಸತ್ತ ಮಕ್ಕಳ ನೆನಪಿನಲ್ಲಿ, ಹುಟ್ಟಿದ ಕೂಸಿನ ರಕ್ಷಣೆಗೆಂದು ಇಡುವ ಹೆಸರುಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕ್ರಿ.ಪೂ. 705ರಿಂದ 681ರವರೆಗೆ ಆಳಿದ ಅಸ್ಸೀರಿಯಾದ ಅರಸ ಸೆನ್ನಾಕೆರಿಬ್‌ನ ಹೆಸರು ನಿಜಕ್ಕೂ ಒಂದು ವಾಕ್ಯ: ಸಿನ್ ದೇವನು ಹೋದ ಅಣ್ಣಂದಿರ ಬದಲಿಗೆ ಇವನನ್ನು ಕೊಟ್ಟನು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಗೆ ಹಾಕಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವುದು ನಮ್ಮಲ್ಲೂ, ಪೆಂಟಯ್ಯ ಎನ್ನುವುದು ತೆಲುಗಿನಲ್ಲೂ, ಕುಪ್ಪುಸ್ವಾಮಿ ಎನ್ನುವುದು ತಮಿಳಿನಲ್ಲೂ ಇದೇ ದುಃಖದ ದಾರಿ. ಇತ್ತ ಮನುಸ್ಮೃತಿಯು ಶೂದ್ರನಿಗೆ ಜುಗುಪ್ಸೆ ಹುಟ್ಟಿಸುವ ಹೆಸರಿರಲಿ ಎಂದು ವಿಧಿಸುತ್ತದೆ. ಒಂದು ತಾಯಿಯ ಭಯದಿಂದ ಬಂದದ್ದು, ಇನ್ನೊಂದು ಮೇಲಿನವರ ದರ್ಪದಿಂದ ಬಂದದ್ದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಕೀಳು ಹೆಸರು ಎಂದು ಬರೆಯಬಾರದು. ತಿಪ್ಪ ಎಂಬ ಹೆಸರು ಅರಸುಮನೆತನದಲ್ಲೂ ಇತ್ತು: ವಿಜಯನಗರದ ಕಾಲದಲ್ಲಿ ವಾಮನನ ಅಲಂಕಾರಸೂತ್ರಗಳಿಗೆ ಸಂಸ್ಕೃತದಲ್ಲಿ ‘ಕಾಮಧೇನು’ ಎಂಬ ವ್ಯಾಖ್ಯೆ ಬರೆದವನು ಸಾಳುವ ಮನೆತನದ ಗೋಪ ತಿಪ್ಪ ಭೂಪಾಲ. ಇನ್ನು ಇಂದು ನಮ್ಮ ಊರುಗಳಲ್ಲಿ ಹೆಜ್ಜೆಗೊಬ್ಬರಂತೆ ಸಿಗುವ ತಿಪ್ಪೇಸ್ವಾಮಿಗಳಲ್ಲಿ ಹೆಚ್ಚಿನವರಿಗೆ ಆ ಹೆಸರು ಬಂದಿರುವುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ.

ಹೆಂಗಸರ ಹೆಸರುಗಳಿಗೆ ಬಂದರೆ, ಮನೆಯ ಸಂಸ್ಕಾರಗಳ ವಿಧಿ ಹೇಳುವ ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಗಂಡಿನ ಹೆಸರಿಗೆ ಸಮಸಂಖ್ಯೆಯ ಅಕ್ಷರಗಳು, ಹೆಣ್ಣಿನದಕ್ಕೆ ಬೆಸಸಂಖ್ಯೆ. ಗಂಗರ ಮನೆಯಿಂದ ನೊಳಂಬರಿಗೆ ಸೊಸೆಯಾಗಿ ಬಂದ ಜಯಬ್ಬೆಯ ಹೆಸರಿನಲ್ಲಿ ಮೂರು ಅಕ್ಷರ, ಲೆಕ್ಕ ಸರಿಹೋಯಿತು. ಪಂಪನ ತಾಯಿ ಅಬ್ಬಣಬ್ಬೆಯಲ್ಲಿ ನಾಲ್ಕು, ಅತ್ತಿಮಬ್ಬೆಯಲ್ಲೂ ನಾಲ್ಕು. ಕನ್ನಡದ ಮನೆಗಳು ಅಬ್ಬೆ ಎಂದು ಸೇರಿಸುವಾಗ ಸೂತ್ರ ನೋಡಿ ಸೇರಿಸಲಿಲ್ಲ ಎನ್ನಲು ಇಷ್ಟು ಸಾಕು. ಹೆಸರಿಡಲು ಕೃತಜ್ಞತೆಯೂ ಒಂದು ಕಾರಣವಾಗುತ್ತಿತ್ತು: ರನ್ನನು ತನಗೆ ಆಸರೆಯಾದ ಚಾವುಂಡರಾಯ, ಅತ್ತಿಮಬ್ಬೆಯರ ನೆನಪಿಗೆ ಮಗನನ್ನು ರಾಯನೆಂದೂ ಮಗಳನ್ನು ಅತ್ತಿಮಬ್ಬೆಯೆಂದೂ ಕರೆದನು. ಸಾತವಾಹನರ ಗೌತಮೀಪುತ್ರ ಸಾತಕರ್ಣಿಯಲ್ಲಿ ತಾಯಿಯ ಹೆಸರೇ ಮುಂದೆ ನಿಂತಿದೆಯಾದರೂ, ಪಟ್ಟ ಹೋಗುತ್ತಿದ್ದುದು ತಂದೆಯಿಂದ ಮಗನಿಗೇ.

ನಿಮ್ಮ ಊರಿನ ವೀರಗಲ್ಲಿನ ಹೆಸರನ್ನು ಟಿಪ್ಪಣಿ ಮಾಡಿಕೊಳ್ಳುವಾಗ ಇಟ್ಟ ಹೆಸರು, ಅಪ್ಪ, ಅಯ್ಯ, ಅಬ್ಬೆ ಮೊದಲಾದ ಬಾಲ, ಗಾವುಂಡ, ಅರಸ ಎಂಬಂಥ ಪದವಿ, ಬಿರುದು, ತಂದೆಯ ಅಥವಾ ಊರಿನ ಹೆಸರು ಇವನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ. ಬದುಕಿರುವ ಹಿರಿಯರ ಹೆಸರಾದರೆ ಮನೆಯಲ್ಲಿ ಕರೆಯುವುದು, ಹೊಲದ ಸರ್ಕಾರಿ ದಾಖಲೆಯಾದ ಅಡಂಗಲ್‌ನಲ್ಲಿರುವುದು, ಆಧಾರ್‌ನಲ್ಲಿರುವುದು ಮೂರನ್ನೂ ಬರೆದುಕೊಳ್ಳಿ. ಮನೆಮಾತಿನ ಕಾಲಂ ಅನ್ನು ಮಾತ್ರ ಅವರನ್ನೇ ಕೇಳಿ ತುಂಬಿ.