ಬೋಲ್ಟ್ ಎಂಬ ಬಿಗಿದ ಸ್ಪ್ರಿಂಗ್

ಟ್ರಕ್ಕಿನ ಚಾಸಿಗೆ ಉಪಕರಣಗಳ ಪೆಟ್ಟಿಗೆಯನ್ನೋ ಪಕ್ಕದ ಮೆಟ್ಟಿಲನ್ನೋ ಸ್ಟೆಪ್ನಿಯ ಸ್ಟ್ಯಾಂಡನ್ನೋ ಜೋಡಿಸುವಾಗ ಬ್ರಾಕೆಟ್ಟಿನ ದಪ್ಪದ ಬಗ್ಗೆ ಬಹಳ ಯೋಚಿಸುವವರೂ, ಬೋಲ್ಟಿನ ವಿಷಯಕ್ಕೆ ಬಂದಾಗ ಡಬ್ಬಿಯಲ್ಲಿ ಉಳಿದವುಗಳಲ್ಲಿ ತೂತಿಗೆ ಹೊಂದುವುದನ್ನು ಆರಿಸಿ ಸುಮ್ಮನಾಗುತ್ತಾರೆ. ಬೋಲ್ಟ್ ಎಂದರೆ ಎರಡು ತಗಡುಗಳ ನಡುವೆ ತೂರಿಸಿದ ಗೂಟ, ಅದು ತುಂಡಾಗದಿದ್ದರೆ ಸಾಕು ಎಂಬ ತಿಳಿವಳಿಕೆ ಇದರ ಹಿಂದಿದೆ. ವಾಸ್ತವದಲ್ಲಿ ಸರಿಯಾಗಿ ಬಿಗಿದ ಬೋಲ್ಟ್ ಎಳೆದು ಹಿಡಿದ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಯಾವ ಬೋಲ್ಟ್ ಸಾಕಷ್ಟು ಗಟ್ಟಿ ಎಂಬ ಪ್ರಶ್ನೆಯನ್ನೂ ಈ ದೃಷ್ಟಿಯಿಂದಲೇ ಕೇಳಬೇಕಾಗುತ್ತದೆ.

ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8, 10.9 ಅಥವಾ 12.9 ಎಂದು ಅಚ್ಚೊತ್ತಿರುತ್ತದೆ. ಇದರಲ್ಲಿ ಎರಡು ಸಂಗತಿಗಳು ಅಡಗಿವೆ. ಚುಕ್ಕೆಯ ಎಡಗಡೆಯ ಅಂಕಿಯನ್ನು ನೂರರಿಂದ ಗುಣಿಸಿದರೆ ಆ ಉಕ್ಕು ತುಂಡಾಗುವ ಹಂತದ ಒತ್ತಡ ಮೆಗಾಪ್ಯಾಸ್ಕಲ್‌ಗಳಲ್ಲಿ (ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಲೆಕ್ಕದಲ್ಲಿ) ಸಿಗುತ್ತದೆ. ಚುಕ್ಕೆಯ ಬಲಗಡೆಯ ಅಂಕಿ, ಆ ಒತ್ತಡದ ಹತ್ತರಲ್ಲಿ ಎಷ್ಟು ಪಾಲಿನವರೆಗೆ ಉಕ್ಕು ಹಿಗ್ಗಿಯೂ ಮರಳಿ ತನ್ನ ಉದ್ದಕ್ಕೆ ಬರಬಲ್ಲದು ಎಂಬುದನ್ನು ಹೇಳುತ್ತದೆ. ಹೀಗೆ 8.8 ಬೋಲ್ಟ್ 800 ಮೆಗಾಪ್ಯಾಸ್ಕಲ್‌ಗೆ ತುಂಡಾಗುತ್ತದೆ, 640ರವರೆಗೆ ಸ್ಪ್ರಿಂಗಿನ ಗುಣ ಉಳಿಸಿಕೊಳ್ಳುತ್ತದೆ. ಸಾಧಾರಣ ಕೆಲಸದ 4.6 ಬೋಲ್ಟಿನಲ್ಲಿ ಈ ಮಿತಿ 240 ಮಾತ್ರ. ಇಂಚಿನ ಬೋಲ್ಟ್‌ಗಳ ತಲೆಯ ಮೇಲೆ ಅಂಕಿಯ ಬದಲು ಗೆರೆಗಳಿರುತ್ತವೆ: ಮೂರು ಗೆರೆಯದು ಗ್ರೇಡ್ 5, ಆರು ಗೆರೆಯದು ಗ್ರೇಡ್ 8. ಇಲ್ಲಿ ಎಡವುವುದು ಸುಲಭ, ಏಕೆಂದರೆ 8.8ಕ್ಕೆ ಸಮೀಪವಾದದ್ದು ಗ್ರೇಡ್ 5. ಗ್ರೇಡ್ 8 ಎಂಬುದು 10.9ರ ಹತ್ತಿರದ ಸಂಬಂಧಿ.

ತುಕ್ಕು ಹಿಡಿಯದೆಂಬ ಕಾರಣಕ್ಕೆ ಸ್ಟೇನ್‌ಲೆಸ್ ಬೋಲ್ಟನ್ನು ಶ್ರೇಷ್ಠವೆಂದು ಭಾವಿಸುವವರಿದ್ದಾರೆ. ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟಿನ ಸ್ಪ್ರಿಂಗಿನ ಗುಣ ಉಳಿಯುವ ಮಿತಿ ಸುಮಾರು 450 ಮೆಗಾಪ್ಯಾಸ್ಕಲ್, ಅಂದರೆ 8.8ಕ್ಕಿಂತ ಸಾಕಷ್ಟು ಕಡಿಮೆ. ಇನ್ನೊಂದು ತುದಿಯ 12.9 ಬೋಲ್ಟ್ ಬಲಶಾಲಿಯಾದರೂ, ವಿದ್ಯುಲ್ಲೇಪನದ ವೇಳೆ ಒಳಸೇರುವ ಹೈಡ್ರೋಜನ್ನಿನಿಂದ ಪೆಡಸಾಗಿ, ಬಿಗಿದ ಕೆಲವು ಗಂಟೆಗಳೋ ದಿನಗಳೋ ಕಳೆದ ಮೇಲೆ ಯಾವ ಹೆಚ್ಚಿನ ಭಾರವೂ ಇಲ್ಲದೆ ಮುರಿಯುವ ಅಪಾಯವಿದೆ. ಚಾಸಿಯ ಹೊರಗೆ, ಮಳೆ ಕೆಸರುಗಳಲ್ಲಿ ಇರಬೇಕಾದ ಜೋಡಣೆಗೆ 8.8 ಅಥವಾ 10.9 ವಿವೇಕದ ಆಯ್ಕೆಯೆಂದು ನನ್ನ ಅಭಿಪ್ರಾಯ.

ಈಗ ಒಂದು ಲೆಕ್ಕ. ತುಂಬಿದ ಪೆಟ್ಟಿಗೆಯ ತೂಕ 50 ಕಿಲೋ, ಅದರ ಭಾರಕೇಂದ್ರ ಚಾಸಿಯಿಂದ 300 ಮಿಲಿಮೀಟರ್ ಹೊರಗಿದೆ, ಮೇಲಿನ ಬೋಲ್ಟ್ ಬ್ರಾಕೆಟ್ಟಿನ ಕೆಳಅಂಚಿನಿಂದ 100 ಮಿಲಿಮೀಟರ್ ಎತ್ತರದಲ್ಲಿದೆ ಎನ್ನೋಣ. ಸನ್ನೆಗೋಲಿನ ನಿಯಮದಂತೆ ಆ ಬೋಲ್ಟಿನ ಮೇಲೆ ಬೀಳುವ ಎಳೆತ ತೂಕದ ಮೂರು ಪಟ್ಟು, ಸುಮಾರು 1,500 ನ್ಯೂಟನ್. ಚಕ್ರ ಗುಂಡಿಗೆ ಬಿದ್ದು ಪೆಟ್ಟಿಗೆಯ ತೂಕ ಕ್ಷಣಕಾಲ ಮೂರು ಪಟ್ಟಾದಂತಾದರೆ ಅದು 4,500 ನ್ಯೂಟನ್ ಮುಟ್ಟುತ್ತದೆ. ಎಂ10 ಅಳತೆಯ, ಅಂದರೆ 10 ಮಿಲಿಮೀಟರ್ ವ್ಯಾಸದ, 8.8 ಬೋಲ್ಟನ್ನು ಚೆನ್ನಾಗಿ ಬಿಗಿದಾಗ ಅದರೊಳಗೆ ಹುಟ್ಟುವ ಎಳೆತವೇ 25,000 ನ್ಯೂಟನ್ನಿನಷ್ಟಿರುವುದರಿಂದ ಬೋಲ್ಟ್ ಒಂದೇ ಹೊಡೆತಕ್ಕೆ ತುಂಡಾಗುವ ಪ್ರಶ್ನೆಯೇ ಇಲ್ಲ. ಆದರೂ ಬೋಲ್ಟ್‌ಗಳು ಮುರಿಯುತ್ತವೆ, ಮತ್ತು ಬಹುಪಾಲು ಮುರಿಯುವುದು ಬಿಗಿತ ಕಳೆದುಕೊಂಡ ಮೇಲೆ. ಬಿಗಿತವಿರುವಷ್ಟು ಕಾಲ ಹೊರಗಿನ ಭಾರದ ಸಣ್ಣ ಪಾಲು ಮಾತ್ರ ಬೋಲ್ಟಿಗೆ ತಲುಪುತ್ತದೆ. ತಗಡುಗಳು ಜಾರದಂತೆ ತಡೆಯುವುದೂ ಬೋಲ್ಟಿನ ಮೈಯಲ್ಲ, ಅವುಗಳ ನಡುವಿನ ಘರ್ಷಣೆ. ಬಿಗಿತ ಹೋದೊಡನೆ ಪ್ರತಿ ಕುಲುಕಾಟವೂ ಪೂರ್ತಿಯಾಗಿ ಬೋಲ್ಟಿನ ಪಾಲಾಗಿ, ಲಕ್ಷಾಂತರ ಸಲ ಬಗ್ಗಿ ನೆಟ್ಟಗಾದ ತಂತಿಯಂತೆ ಅದು ದಣಿದು, ಥ್ರೆಡ್ಡಿನ ಬುಡದಲ್ಲಿ ಬಿರುಕು ಬಿಡುತ್ತದೆ. ಸಡಿಲವಾಗಿ ಕೂತ 10.9ಕ್ಕಿಂತ ಸರಿಯಾಗಿ ಬಿಗಿದ 8.8 ಹೆಚ್ಚು ಕಾಲ ಬಾಳುವುದು ಈ ಕಾರಣದಿಂದ. ಹೆಚ್ಚಿನ ದರ್ಜೆಯಿಂದ ಸಿಗುವ ಲಾಭವೆಂದರೆ ಅದನ್ನು ಇನ್ನಷ್ಟು ಬಿಗಿಯಬಹುದು ಎಂಬುದು. ಬಿಗಿಯದಿದ್ದರೆ ಆ ಲಾಭ ಕೈಗೆ ಬರುವುದಿಲ್ಲ.

ಬಿಗಿತ ಎಷ್ಟು ಸೂಕ್ಷ್ಮವೆಂದರೆ, 40 ಮಿಲಿಮೀಟರ್ ದಪ್ಪದ ಜೋಡಣೆಯನ್ನು ಹಿಡಿದಿರುವ ಎಂ10 ಬೋಲ್ಟ್ ಆ 25,000 ನ್ಯೂಟನ್ ಎಳೆತಕ್ಕೆ ಹಿಗ್ಗುವುದು ಸುಮಾರು 0.08 ಮಿಲಿಮೀಟರ್, ಒಂದು ತಲೆಗೂದಲಿನ ದಪ್ಪದಷ್ಟು. ತಗಡುಗಳ ನಡುವಿನ ಬಣ್ಣ ಕಾಲಕ್ರಮದಲ್ಲಿ ನಲುಗಿ 0.02 ಮಿಲಿಮೀಟರ್ ಕುಸಿದರೆ ಕಾಲುಭಾಗ ಬಿಗಿತ ಹೋಯಿತು. ಜೋಡಣೆಯ ದಪ್ಪ ಬರೀ 10 ಮಿಲಿಮೀಟರ್ ಇದ್ದರೆ ಹಿಗ್ಗುವಿಕೆಯೂ 0.02 ಮಾತ್ರ, ಅದೇ ಕುಸಿತಕ್ಕೆ ಬಿಗಿತ ಹೆಚ್ಚುಕಡಿಮೆ ಪೂರ್ತಿ ಮಾಯವಾಗುತ್ತದೆ. ಆದ್ದರಿಂದ ಗಟ್ಟಿ ವಾಷರ್ ಹಾಕುವುದು, ಜೋಡಣೆಯ ಮುಖಗಳಲ್ಲಿ ದಪ್ಪನೆಯ ಬಣ್ಣವನ್ನು ಕೆರೆದು ತೆಳುವಾದ ಪ್ರೈಮರ್ ಮಾತ್ರ ಉಳಿಸುವುದು, ಸಾಧ್ಯವಿದ್ದಲ್ಲಿ ಬೋಲ್ಟಿನ ಸುತ್ತ ಕೊಳವೆಯಂಥ ಸ್ಲೀವ್ ಕೊಟ್ಟು ಉದ್ದನೆಯ ಬೋಲ್ಟ್ ಬಳಸುವುದು ದರ್ಜೆ ಏರಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತವೆ. ನಟ್ ಕೂಡ ಬೋಲ್ಟಿಗೆ ಸಾಟಿಯಾಗಿರಬೇಕು: 8.8ಕ್ಕೆ 8ರ ನಟ್, 10.9ಕ್ಕೆ 10ರದ್ದು.

ಸ್ಪ್ಯಾನರ್ ತಿರುಗಿಸುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆಗೆ ವ್ಯಯವಾಗುತ್ತದೆ. ಹೀಗಾಗಿ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು (ತಿರುಗಿಸುವ ಬಲವನ್ನು) ಎಣ್ಣೆ ಸವರಿದ ಬೋಲ್ಟಿಗೆ ಕೊಟ್ಟರೆ ಎಳೆತ ಮಿತಿ ಮೀರಬಹುದು, ತುಕ್ಕಿನ ಬೋಲ್ಟಿಗೆ ಕೊಟ್ಟರೆ ಅರ್ಧಕ್ಕೂ ತಲುಪದಿರಬಹುದು. ಸಡಿಲವಾಗುವುದನ್ನು ಸ್ಪ್ರಿಂಗ್ ವಾಷರ್ ತಡೆಯುತ್ತದೆಂಬ ನಂಬಿಕೆಯೂ ಹಳೆಯದು. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು, ನಟ್ಟನ್ನು ಬಿಚ್ಚುವುದರಲ್ಲಿ ಅಡ್ಡಡ್ಡಲಾಗಿ ಜಾರುವ ಅಲುಗಾಟದ್ದೇ ದೊಡ್ಡ ಪಾತ್ರವೆಂದು ತೋರಿಸಿದವು. ಅಂಥ ಅಲುಗಾಟದ ಮುಂದೆ ಸ್ಪ್ರಿಂಗ್ ವಾಷರ್ ಹೆಚ್ಚೇನೂ ಮಾಡಲಾರದು.

ನಟ್ಟಿನಿಂದ ತಗಡಿನವರೆಗೆ ಬಣ್ಣದ ಗೆರೆ ಎಳೆದಿಡುವ ಅಭ್ಯಾಸ ಒಳ್ಳೆಯದೇ, ಆದರೆ ನಟ್ ತಿರುಗಿದ್ದರೆ ಮಾತ್ರ ಅದು ಮುರಿದು ಕಾಣುತ್ತದೆ. ಬಣ್ಣ ನಲುಗಿ ಬಿಗಿತ ಇಳಿದಿದ್ದರೆ ನಟ್ ಇದ್ದಲ್ಲೇ ಇರುತ್ತದೆ, ಗೆರೆಯೂ ನೇರವಾಗಿಯೇ ಇರುತ್ತದೆ. ಹೊಸ ಜೋಡಣೆಯೊಂದಿಗೆ ಮೊದಲ ಕೆಲವು ದಿನ ಓಡಾಡಿದ ಮೇಲೆ ಟಾರ್ಕ್ ರೆಂಚನ್ನು ಇನ್ನೊಮ್ಮೆ ಹಾಕಿ ನೋಡಬೇಕಾಗುವುದು ಈ ಕಾರಣಕ್ಕೆ.