ಎಲ್ಲಿ ನಿಂತು ಹುಡುಕಿದ್ರಿ, ಯಜಮಾನ್ರೇ?

ಹದಿನೈದು ದಿನಕ್ಕೆ ಒಬ್ಬರಾದರೂ ನನ್ನ ಮೇಜಿನ ಮೇಲೆ ಫೋನಿಟ್ಟು ಹೇಳುವ ಮಾತು ಒಂದೇ: ‘ಗೂಗಲ್‌ನಾಗೆ ನಮ್ದು ನಂಬರ್ ಒನ್ ಬರಂಗೆ ಮಾಡ್ರಿ. ಎಷ್ಟಾಗುತ್ತೆ ಹೇಳ್ರಿ.’ ಬಟ್ಟೆ ಅಂಗಡಿಯವರು, ಹಾರ್ಡ್‌ವೇರ್‌ನವರು, ಹಲ್ಲಿನ ಡಾಕ್ಟರು, ಮನೆಯಲ್ಲೇ ಟ್ಯೂಷನ್ ಮಾಡುವ ಮೇಡಂ, ಎಲ್ಲರದೂ ಅದೇ ಬೇಡಿಕೆ. ನಾನು ರೇಟು ಹೇಳುವುದಿಲ್ಲ. ‘ಎಲ್ಲಿ ನಿಂತು ಹುಡುಕಿದವರಿಗೆ ನಂಬರ್ ಒನ್ ಆಗಬೇಕು?’ ಎಂದು ಕೇಳುತ್ತೇನೆ. ತಾವು ಕೇಳಿದ್ದೊಂದು, ಈತ ಹೇಳುತ್ತಿರುವುದೊಂದು ಎಂಬಂತೆ ನೋಡುತ್ತಾರೆ.

ದಾವಣಗೆರೆಯ ಸಣ್ಣ ಅಂಗಡಿಗಳ ಆನ್‌ಲೈನ್ ಪ್ರಚಾರ ನೋಡಿಕೊಳ್ಳುವುದೇ ನನ್ನ ಕಸುಬು. ಗೂಗಲ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರ್ ಕಾಣುವ ಪುಟ, ಅಂದರೆ ಪ್ರೊಫೈಲ್ ತೆರೆಯುವುದು, ಫೋಟೋ ಏರಿಸುವುದು, ಟೈಮಿಂಗ್ ಬರೆಯುವುದು ಇದನ್ನೆಲ್ಲ ಮನೆಯ ಹುಡುಗರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಅದಕ್ಕೆ ಇಲ್ಲಿ ಜಾಗ ಖರ್ಚು ಮಾಡುವುದಿಲ್ಲ. ಈ ನಂಬರ್ ಒನ್ ವಿಷಯವನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಇದಕ್ಕಾಗಿ ಜನ ಕಷ್ಟಪಟ್ಟು ದುಡಿದ ಹಣ ಕಳೆದುಕೊಳ್ಳುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಮಂಡಿಪೇಟೆ ಕಡೆಯ ಒಬ್ಬ ಯಜಮಾನರದು ಮೋಟರ್ ವೈಂಡಿಂಗ್ ಅಂಗಡಿ. ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿಯೂ ಉಂಟು. ಒಳಗೆ ಕಾಲಿಟ್ಟರೆ ವಾರ್ನಿಷ್ ವಾಸನೆ ಮೂಗಿಗೆ ಬಡಿಯುತ್ತದೆ. ಬಾಗಿಲ ಪಕ್ಕದಲ್ಲಿ ಸುಟ್ಟ ತಾಮ್ರದ ತಂತಿಯ ರಾಶಿ. ಅವರು ಕರಿ ಹಿಡಿದ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಫೋನಿನಲ್ಲಿ ಮಿಕ್ಸಿ ರಿಪೇರಿ ಎಂದು ಬಾಯಲ್ಲೇ ಹೇಳಿ ಹುಡುಕಿ ತೋರಿಸಿದರು. ಅವರದೇ ಅಂಗಡಿ ಮೇಲೆ ಬಂತು. ‘ನೋಡ್ರಿ, ಹೋದ ತಿಂಗಳು ಒಬ್ಬರಿಗೆ ಹದಿನೈದು ಸಾವಿರ ಕೊಟ್ಟೆ, ನಂಬರ್ ಒನ್ ಮಾಡಿಕೊಟ್ಟರು. ಆದ್ರೆ ಗಿರಾಕಿ ಮಾತ್ರ ಹೆಚ್ಚಾಗ್ಲಿಲ್ಲ. ಅದ್ಯಾಕೆ ಅಂತ ನೀವು ಹೇಳ್ಬೇಕು’ ಎಂದರು.

ಬಾಯಲ್ಲಿ ಹೇಳಿದರೆ ಆಗುವ ಕೆಲಸ ಅದಲ್ಲ ಎಂದು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಿದ್ಯಾನಗರಕ್ಕೆ ಹೋದೆ. ಒಂದು ಟೀ ಅಂಗಡಿ ಮುಂದೆ ನಿಂತು, ‘ಈಗ ಹುಡುಕ್ರಿ’ ಎಂದೆ. ಅದೇ ಫೋನು, ಅದೇ ಮಾತು. ಮೊದಲು ಬಂದ ಮೂರೂ ಅಂಗಡಿ ಆ ಕಡೆಯವೇ. ಯಜಮಾನರು ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಹೋದರು, ಇನ್ನೂ ತಳ್ಳಿದರು. ಏಳನೆಯದೋ ಎಂಟನೆಯದೋ ಆಗಿ ಅವರ ಅಂಗಡಿ ಸಿಕ್ಕಿತು. ಟೀ ಆರಿಹೋಗಿತ್ತು. ‘ಇಲ್ಲಿಯವರು ಹೆಚ್ಚು ದುಡ್ಡು ಕೊಟ್ಟಾರೇನ್ರಿ?’ ಎಂದು ಮೆತ್ತಗೆ ಕೇಳಿದರು.

ಯಾರೂ ಕೊಟ್ಟಿಲ್ಲ, ಕೊಡಲು ಬರುವುದೂ ಇಲ್ಲ. ಮ್ಯಾಪಿನಲ್ಲಿ ಬರುವ ಅಂಗಡಿಗಳ ಪಟ್ಟಿಯಲ್ಲಿ ಮೇಲಿನ ಜಾಗಕ್ಕೆ ಹಣ ತೆಗೆದುಕೊಳ್ಳುವುದಿಲ್ಲ, ಕೇಳಿಕೊಂಡರೂ ಕೊಡುವುದಿಲ್ಲ ಎಂದು ಗೂಗಲ್ ತಾನೇ ಬರೆದು ಹಾಕಿದೆ. ಯಾವ ಆಧಾರದ ಮೇಲೆ ಜೋಡಿಸುತ್ತದೆ ಎಂಬುದನ್ನೂ ಮೂರು ಮಾತಲ್ಲಿ ಹೇಳಿದೆ: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹೊಂದುತ್ತದೆ, ಹುಡುಕುವವರಿಂದ ನೀವೆಷ್ಟು ದೂರ ಇದ್ದೀರಿ, ಜನರ ನಡುವೆ ನಿಮ್ಮ ಹೆಸರು ಎಷ್ಟು ಓಡಾಡುತ್ತಿದೆ. ಮೂರನ್ನೂ ಯಾವ ತೂಕದಲ್ಲಿ ಬೆರೆಸುತ್ತದೆ ಎಂಬುದನ್ನು ಅದು ಬಿಚ್ಚಿಟ್ಟಿಲ್ಲ. ಹಾಗಾಗಿ ಇಂಥ ಕೆಲಸ ಮಾಡಿದರೆ ಇಂಥ ಜಾಗ ಎಂದು ನಾನು ಬರೆದುಕೊಡಲಾರೆ. ಬರೆದುಕೊಡುತ್ತೇನೆ ಎನ್ನುವವರನ್ನು ನಂಬಬೇಡಿ.

ಈ ಮೂರರಲ್ಲಿ ನಮ್ಮವರು ಮರೆಯುವುದು ದೂರವನ್ನು. ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಊರಿಗೆಲ್ಲ ಸೇರಿ ಒಂದು ಪಟ್ಟಿ ಇಲ್ಲ. ಹುಡುಕಿದವರೊಬ್ಬೊಬ್ಬರಿಗೂ ಅವರು ನಿಂತ ಜಾಗದಿಂದ ಅಳೆದು ಆ ಹೊತ್ತಿಗೆ ಒಂದು ಪಟ್ಟಿ ತಯಾರಾಗುತ್ತದೆ. ಪಿ.ಬಿ. ರಸ್ತೆಯಲ್ಲಿ ನಿಂತವರಿಗೆ ಒಂದು, ನಿಟ್ಟುವಳ್ಳಿಯಲ್ಲಿ ನಿಂತವರಿಗೆ ಇನ್ನೊಂದು, ಹರಿಹರದಲ್ಲಿ ಬಸ್ಸಿಗೆ ಕಾಯುತ್ತಿರುವವರಿಗೆ ಮತ್ತೊಂದು. ಎಸ್‌ಎಸ್‌ಎಲ್‌ಸಿ ರ‍್ಯಾಂಕಿನ ಹಾಗೆ ಒಬ್ಬರಿಗೆ ಸಿಕ್ಕಿ ಉಳಿದವರಿಗೆ ತಪ್ಪುವ ಜಾಗವಲ್ಲ ಇದು. ಅಂಗಡಿಯ ಗಲ್ಲಾದಲ್ಲಿ ಕೂತು ಹುಡುಕಿದರೆ ದೂರ ಎಂಬುದೇ ಸೊನ್ನೆ. ನೀವು ಮೇಲೆ ಬರದೆ ಇನ್ನಾರು ಬರಬೇಕು? ಸಾಲದ್ದಕ್ಕೆ ನೀವು ದಿನಾ ನಿಮ್ಮದನ್ನೇ ಹುಡುಕುತ್ತೀರಿ, ಎಷ್ಟೋ ಸಲ ಅಂಗಡಿಯ ಹೆಸರನ್ನೇ ಕೊಟ್ಟು ಹುಡುಕುತ್ತೀರಿ. ಆ ಯಜಮಾನರು ಹದಿನೈದು ಸಾವಿರ ಕೊಡುವ ಹಿಂದಿನ ದಿನ ತಮ್ಮ ಗಲ್ಲಾದಲ್ಲಿ ಕೂತು ಹುಡುಕಿದ್ದರೂ ಅವರದೇ ಮೊದಲು ಬರುವ ಸಂಭವವೇ ಹೆಚ್ಚು.

ಜಾಹೀರಾತು ಬೇರೆ ಮಾತು. ಹಣ ಕಟ್ಟಿ ಹಾಕಿಸಿದರೆ ಪಟ್ಟಿಯ ಮೇಲೆ ಬರಬಹುದು, ಪಕ್ಕದಲ್ಲಿ ಅದು ಹಣ ಕೊಟ್ಟು ಹಾಕಿಸಿದ್ದೆಂದು ತಿಳಿಸುವ ಗುರುತೂ ಇರುತ್ತದೆ, ಹಣ ನಿಂತ ದಿನ ಅದೂ ನಿಲ್ಲುತ್ತದೆ. ಮದುವೆ ಸೀಸನ್ನಿನಲ್ಲಿ ಬಟ್ಟೆಯವರಿಗೆ ನಾನೇ ಹಾಕಿಸುತ್ತೇನೆ. ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿಯಿಂದ ಜವಳಿಗೆಂದು ಇಡೀ ಮನೆಮಂದಿ ಗಾಡಿ ಮಾಡಿಕೊಂಡು ಬರುವ ಊರು ನಮ್ಮದು. ಅಂಥವರಿಗೆ ಹಿಂದಿನ ವಾರವೇ ಕಣ್ಣಿಗೆ ಬೀಳುವುದು ಒಳ್ಳೆಯದು. ಆದರೆ ಜಾಹೀರಾತಿಗೆ ಕೊಟ್ಟ ಹಣವನ್ನು ನಂಬರ್ ಒನ್ನಿಗೆ ಕೊಟ್ಟದ್ದು ಎಂದು ತಿಳಿಯಬೇಡಿ.

ಆ ಹದಿನೈದು ಸಾವಿರ ಪಡೆದವರು ಮಾಡಿದ್ದೇನು ಎಂದು ಪ್ರೊಫೈಲ್ ತೆಗೆದು ನೋಡಿದೆ. ಹೊಟ್ಟೆ ಉರಿಯಿತು. ಬೋರ್ಡಿನ ಮೇಲೆ ಮನೆದೇವರ ಹೆಸರು, ಮುಂದೆ ಎಲೆಕ್ಟ್ರಿಕಲ್ಸ್, ಅಷ್ಟೇ. ಪ್ರೊಫೈಲಿನಲ್ಲಿ ಅದಕ್ಕೆ ಬಾಲ ಹಚ್ಚಿದ್ದರು: ಬೆಸ್ಟ್ ಮಿಕ್ಸಿ ರಿಪೇರಿ ಇನ್ ದಾವಣಗೆರೆ, ಚೀಪ್ ಅಂಡ್ ಬೆಸ್ಟ್, ಫ್ಯಾನ್ ರಿಪೇರಿ ನಿಯರ್ ಮಿ. ಅಂಗಡಿಯ ಹೆಸರು ಬೋರ್ಡಿನಲ್ಲಿ ಇರುವ ಹಾಗೇ ಇರಬೇಕೆಂಬುದು ಗೂಗಲ್ ನಿಯಮ. ಹೀಗೆ ಬಾಲ ಹಚ್ಚಿದರೆ ಸ್ವಲ್ಪ ದಿನ ಮೇಲೆ ಕಾಣುವುದೂ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಯಾರಾದರೂ ದೂರು ಕೊಟ್ಟ ದಿನ ಇಡೀ ಪ್ರೊಫೈಲೇ ಸಸ್ಪೆಂಡ್ ಆಗಬಹುದು. ಆಮೇಲೆ ಮೇಲ್ಮನವಿ ಹಾಕಬೇಕು. ಅಂಗಡಿ ಲೈಸೆನ್ಸು, ಜಿಎಸ್‌ಟಿ ಸರ್ಟಿಫಿಕೇಟು, ಬೆಸ್ಕಾಂ ಬಿಲ್ಲು ಕೊಡಬೇಕು. ಆ ಕಾಗದಗಳ ಹೆಸರಿಗೂ ಪ್ರೊಫೈಲಿನ ಹೆಸರಿಗೂ ತಾಳೆ ಬೀಳದಿದ್ದರೆ ಯಾರು ನಂಬುತ್ತಾರೆ? ವರ್ಷಗಟ್ಟಲೆ ಗಿರಾಕಿಗಳು ಬರೆದ ರಿವ್ಯೂಗಳೆಲ್ಲ ಅಲ್ಲಿಯವರೆಗೆ ಕಣ್ಮರೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪ್ರೊಫೈಲಿನ ಮಾಲೀಕತ್ವವೇ ಆ ಏಜೆಂಟರ ಇ-ಮೇಲ್‌ನಲ್ಲಿತ್ತು. ಯಜಮಾನರು ಫೋನಿಗೆ ಬಂದ ದೃಢೀಕರಣದ ಕೋಡನ್ನು ಅವರಿಗೆ ಓದಿ ಹೇಳಿಬಿಟ್ಟಿದ್ದರು. ಅಂಗಡಿಯ ಬೀಗದ ಕೈ ಕೊಟ್ಟಂತೆ. ಮಾಲೀಕತ್ವ ವಾಪಸು ಕೇಳುವ ದಾರಿ ಇದೆ: ಅರ್ಜಿ ಹಾಕಿದರೆ ಈಗಿನ ಮಾಲೀಕರಿಗೆ ಉತ್ತರ ಕೊಡಲು 3 ದಿನ ಅವಕಾಶ, ಅವರು ಸುಮ್ಮನಿದ್ದರೆ ಮುಂದೆ ನಾವೇ ದೃಢೀಕರಣ ಮಾಡಿಕೊಳ್ಳಲು ಅವಕಾಶ ಸಿಗಬಹುದು. ನಮಗೆ ಸಿಕ್ಕಿತು. ಎಲ್ಲರಿಗೂ ಸುಲಭವಾಗಿ ಸಿಗುತ್ತದೆಂದು ಭರವಸೆ ಕೊಡುವಂತಿಲ್ಲ. ಗೂಗಲ್ ಕಂಪನಿಯಿಂದ ಮಾತಾಡ್ತಿದೀವಿ, ನಿಮ್ಮ ಅಂಗಡಿ ಮ್ಯಾಪಿನಿಂದ ಹೋಗುತ್ತದೆ, ಹಣ ಕಟ್ಟಿ, ಕೋಡ್ ಹೇಳಿ ಎಂದು ಫೋನ್ ಬಂದರೆ ಇಟ್ಟುಬಿಡಿ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂದು ಶುರುವಾಗಿ 2021ರಲ್ಲಿ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು ಬದಲಾದ ಈ ಸೌಲಭ್ಯ ಮೊದಲಿನಿಂದಲೂ ಪುಕ್ಕಟೆ.

ಇಲ್ಲಿ ವಿನೋಬನಗರದ ಒಬ್ಬ ಅಕ್ಕನನ್ನು ನೆನೆಯದೆ ಮುಂದೆ ಹೋಗಲಾರೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮನೆ ವಿಳಾಸ ಎಲ್ಲರಿಗೂ ಕಾಣುವುದು ಬೇಡ ಎಂಬ ಅಂಜಿಕೆಗೆ ಎರಡು ವರ್ಷ ಪ್ರೊಫೈಲೇ ತೆರೆದಿರಲಿಲ್ಲ. ಗಿರಾಕಿಗಳ ಮನೆಗೇ ಹೋಗಿ ಅಳತೆ ತಂದು ಬಟ್ಟೆ ಮುಟ್ಟಿಸುವವರು ವಿಳಾಸ ಮರೆಮಾಡಿ, ಕೆಲಸ ಮಾಡುವ ಬಡಾವಣೆಗಳ ಹೆಸರು ಮಾತ್ರ ಕೊಡಬಹುದು, ಹಾಗೆ ಮಾಡಿಸಿದೆ. ಅವರು ಒಮ್ಮೆಯೂ ನಂಬರ್ ಒನ್ ಕೇಳಲಿಲ್ಲ. ಬ್ಲೌಸ್ ಕೊಟ್ಟ ಮಾರನೇ ದಿನ ಫೋನ್ ಮಾಡಿ, ‘ತೋಳು ಸರಿಯಾಗಿ ಕೂತಿತಾ ಅಕ್ಕಾ? ಕೂತಿದ್ರೆ ನಾಲ್ಕು ಮಾತು ಬರೀರಿ’ ಎನ್ನುತ್ತಾರೆ. ಬರೆದವರಿಗೆ ಕನ್ನಡದಲ್ಲೇ ಉತ್ತರ ಬರೆಯುತ್ತಾರೆ. ಒಬ್ಬರು ಕುತ್ತಿಗೆ ಅಗಲವಾಯಿತೆಂದು ಎರಡು ಸ್ಟಾರ್ ಕೊಟ್ಟಿದ್ದರು. ‘ನನ್ನ ತಪ್ಪು, ನಾಳೆ ಬಂದು ಒಯ್ತೀನಿ, ಬಿಚ್ಚಿ ಹೊಲಿದು ಕೊಡ್ತೀನಿ’ ಎಂದು ಅದರ ಕೆಳಗೇ ಬರೆದರು. ಆ ಉತ್ತರವನ್ನು ಓದಿಯೇ ಫೋನ್ ಮಾಡಿದೆವು ಎಂದ ಗಿರಾಕಿಗಳಿದ್ದಾರೆ. ರಿವ್ಯೂ ಬರೆದರೆ ಡಿಸ್ಕೌಂಟ್ ಕೊಡುತ್ತೇವೆ ಎನ್ನುವವರು ಇದನ್ನು ಗಮನಿಸಲಿ. ಹಾಗೆ ಆಸೆ ತೋರಿಸಿ ಬರೆಸುವುದು ನಿಯಮಕ್ಕೆ ವಿರುದ್ಧ.

ಮತ್ತೆ ನಮ್ಮ ಯಜಮಾನರಿಗೆ ಬರುತ್ತೇನೆ. ವಿದ್ಯಾನಗರದ ಟೀ ಅಂಗಡಿಯಲ್ಲಿ ಅವರ ಮುಖ ಬಾಡಿದ್ದು ನೋಡಿ ನನಗೂ ಸಂಕಟವಾಯಿತು. ಇನ್ನೊಂದು ಹುಡುಕಿಸಿದೆ: ಬೋರ್‌ವೆಲ್ ಮೋಟರ್ ವೈಂಡಿಂಗ್. ಈ ಸಲ ಅವರ ಅಂಗಡಿ ಮೇಲಿನ ಮೂರರಲ್ಲೇ ಇತ್ತು. ಜಾಗ ಅದೇ, ದೂರವೂ ಅದೇ. ಮಿಕ್ಸಿ ರಿಪೇರಿ ಮಾಡುವವರು ಗಲ್ಲಿಗೊಬ್ಬರು, ಹಾಗಾಗಿ ಹತ್ತಿರದವರೇ ತುಂಬಿಕೊಳ್ಳುತ್ತಾರೆ. ಬೋರ್‌ವೆಲ್ ಒಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟರ್ ಬಿಚ್ಚಿ ಹೊಸದಾಗಿ ತಂತಿ ಸುತ್ತುವವರು ಕಡಿಮೆ, ಹಾಗಾಗಿ ಹುಡುಕಾಟ ದೂರದವರೆಗೂ ಕೈ ಚಾಚುತ್ತದೆ. ನನ್ನ ಅನುಭವದಲ್ಲಿ ಇದು ಮತ್ತೆ ಮತ್ತೆ ಕಂಡದ್ದು.

ಮಿಕ್ಸಿಗಾಗಿ ವಿದ್ಯಾನಗರದವರು ಮಂಡಿಪೇಟೆವರೆಗೆ ಬರಬೇಕೆಂದು ಹಟ ಹಿಡಿಯುವುದು ಬೇಡ, ಅವರಿಗೆ ಅವರ ಬೀದಿಯಲ್ಲೇ ಅಂಗಡಿ ಇದೆ ಎಂದೆ. ಬಾಡಿದ್ದ ಮುಖ ಗೆಲುವಾಯಿತು. ಮೂವತ್ತು ವರ್ಷ ತಂತಿ ಸುತ್ತಿದ ಕೈ ಅದು; ಐದು ಎಚ್‌ಪಿ, ಏಳೂವರೆ ಎಚ್‌ಪಿ ಎಂದು ಶುರು ಮಾಡಿದರೆ ಮಾತು ನಿಲ್ಲುವುದಿಲ್ಲ. ಅದೇ ಸಂಜೆ ಬಾಲ ಕತ್ತರಿಸಿ ಬೋರ್ಡಿನ ಹೆಸರಿಟ್ಟೆವು. ಸೇವೆಗಳ ಪಟ್ಟಿಯಲ್ಲಿ ಬೋರ್‌ವೆಲ್ ಮೋಟರನ್ನು ಮೊದಲು ಬರೆದೆವು. ಸುಟ್ಟ ಕಾಯಿಲ್ ತೆಗೆಯುವುದರಿಂದ ಹಿಡಿದು ಹೊಸ ತಂತಿ ಸುತ್ತಿ ಮುಗಿಸುವವರೆಗೆ ಅವರ ಮಗ ಫೋಟೋ ತೆಗೆದ.

ಪ್ರೊಫೈಲಿನಿಂದ ಎಷ್ಟು ಕರೆ ಹೋದವು ಎಂಬ ಲೆಕ್ಕ ಗೂಗಲ್ ತೋರಿಸುತ್ತದೆ, ಯಾರು ಗಿರಾಕಿಯಾದರು ಎಂಬುದನ್ನಲ್ಲ. ಅದಕ್ಕೆ ಒಂದು ನೋಟ್‌ಬುಕ್ ಇಡಿಸಿದೆ: ಫೋನ್ ಮಾಡಿದವರ ಊರು, ನಂಬರ್ ಎಲ್ಲಿ ಸಿಕ್ಕಿತು, ಕೆಲಸ ಬಂತೋ ಇಲ್ಲವೋ. ಹೋದ ವಾರ ನಾನು ಅಲ್ಲೇ ಕೂತಿದ್ದಾಗ ಒಂದು ಕರೆ ಬಂತು. ಸ್ಪೀಕರ್ ಹಾಕಿದರು.

‘ಮೋಟ್ರು ಸುಟ್ಟೈತ್ರಿ, ತೋಟ ಒಣಗಾಕತ್ತೈತಿ. ಇವತ್ತು ತಂದ್ರೆ ಯಾವಾಗ ಕೊಡ್ತೀರಿ?’

‘ನಾಳೆ ಸಂಜಿಗೆ ಕೊಡ್ತೀನಿ, ತಗಂಬರ್ರಿ. ಯಾವೂರ್ರಿ?’

‘ಜಗಳೂರ ಕಡೆ.’

ಯಜಮಾನರು ನೋಟ್‌ಬುಕ್ ಎಳೆದುಕೊಂಡು ಜಗಳೂರು ಎಂದು ಬರೆದರು. ‘ನಮ್ಮ ನಂಬರ್ ಎಲ್ಲಿ ಸಿಕ್ತು ಅಣ್ಣಾ?’ ಎಂದು ಕೇಳುತ್ತಲೇ ಇನ್ನೊಂದು ಕೈಯಿಂದ ಮಗನಿಗೆ ತಂತಿಯ ಉಂಡೆ ಕೆಳಗಿಳಿಸಲು ಸನ್ನೆ ಮಾಡಿದರು.